ಕಚ್ಚಿಲ್ಲದ ಕೋಲು

ಕಾರಹುಣ್ಣಿಮೆಯ ಮರುದಿನ ತಿರಕಪ್ಪ ಮೊದಲ ಸಲ ಮನೆ ಬಿಟ್ಟು ನಡೆದ. ಆಗ ಅವನು ಐದನೆಯ ಇಯತ್ತೆಯಲ್ಲಿದ್ದ. ಯಾರೂ ಹೊಡೆದಿರಲಿಲ್ಲ, ಯಾರೂ ಬೈದಿರಲಿಲ್ಲ. ಶಾಲೆಯ ದಾರಿಯಲ್ಲಿ ಒಂದು ಲಾರಿ ನಿಂತಿತ್ತು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಡ್ರೈವರ್ ಹೇಳಿದ ಊರಿನ ಹೆಸರನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಹೊರಡಲು ಅಷ್ಟೇ ಸಾಕಾಯಿತು.

ಅಲ್ಲಿಂದ ಮುಂದೆ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಲಾರಿ ತೊಳೆದ, ಸರ್ಕಸ್ಸಿನಲ್ಲಿ ಹಗ್ಗ ಎಳೆದ, ಗಾಣದ ಮನೆಯಲ್ಲಿ ಕಬ್ಬು ಹೊತ್ತ. ಕೆಲಸ ಕೈಗೆ ಹತ್ತುವ ಹೊತ್ತಿಗೆ ಕಾಲು ತುರಿಸುತ್ತಿತ್ತು. ಕಡೆಗೆ ಒಂದು ಹಾಕಿ ತಂಡದ ಸಾಮಾನು ಹೊರುವವನಾಗಿ ಊರೂರು ತಿರುಗಿದ. ಹೊತ್ತು ಹೊತ್ತು ಆ ಕೋಲುಗಳೆಲ್ಲ ಅವನಿಗೆ ಮನುಷ್ಯರಂತಾದವು. ಕಣ್ಣು ಮುಚ್ಚಿ ಹಿಡಿ ಸವರಿದರೂ ಯಾವ ಕೋಲು ಯಾರದು ಎಂದು ಹೇಳುತ್ತಿದ್ದ.

ಆ ಕೈಯ ಗುಣ ಕಂಡು ಫಕ್ಕೀರಪ್ಪ ಮಾಸ್ತರರು ಅವನನ್ನು ಹತ್ತಿರ ಇಟ್ಟುಕೊಂಡರು. ಮಾಸ್ತರರದು ಆಟದ ಹಳೆಯ ಸಾಮಾನುಗಳನ್ನು ಪರೀಕ್ಷಿಸುವ ಕಸುಬು. ಹೆಸರು ಮಾಡಿದ ಆಟಗಾರ ತೀರಿಕೊಂಡ ಮೇಲೆ ಇದು ಅವನ ಕೋಲು, ಇದು ಅವನ ಬೂಟು, ಇದು ಅವನು ಆ ದಿನ ತೊಟ್ಟ ಅಂಗಿ ಎಂದು ಜನ ತರುತ್ತಾರೆ. ಅದು ಮೈದಾನ ಕಂಡಿದ್ದೋ, ಅಂಗಡಿಯಿಂದ ತಂದು ಹಳತು ಮಾಡಿದ್ದೋ. ಆ ಹೆಸರಿನವನೇ ಆಡಿದ್ದೋ, ಬೇರೊಬ್ಬ ಆಡಿದ್ದೋ. ಅದನ್ನು ಅವರು ನೋಡಿ ಹೇಳಬೇಕು. ಅವರು ಹೌದು ಎಂದರೆ ಸಾಮಾನು ಗಾಜಿನ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲ ಎಂದರೆ ತಂದವರು ಅದನ್ನು ಬಗಲಿಗಿಟ್ಟುಕೊಂಡು ಬಸ್ಸು ಹತ್ತುತ್ತಾರೆ.

ಆ ಮುಂಜಾನೆ ಮಾಸ್ತರರು ಕೆಲಸದ ಮೇಲೆ ಹೊರಗೆ ಹೋಗಿದ್ದರು. ಒಬ್ಬ ಹೆಣ್ಣುಮಗಳು ಬಿಳಿಯ ಧೋತರದಲ್ಲಿ ಸುತ್ತಿದ ಹಾಕಿ ಕೋಲನ್ನು ತಂದಳು. ತಿರಕಪ್ಪ ಬಿಚ್ಚಿ ನೋಡಿದ. ಆಕೆ ಏನೋ ಹೇಳಲು ಬಾಯಿ ತೆರೆದಳು. ಅವನು ಕೈಸನ್ನೆಯಲ್ಲೇ ಸುಮ್ಮನಿರಿಸಿದ. ಸಾಮಾನು ನೋಡುವ ಮೊದಲು ತಂದವರ ಮಾತು ಕೇಳಬಾರದು, ಮಾತು ಕಣ್ಣನ್ನು ಕೆಡಿಸುತ್ತದೆ ಎಂಬುದು ಆ ಕಸುಬಿನ ಪದ್ಧತಿ.

"ಅಕ್ಕಾರ, ಇದು ಆಡಿದ ಸ್ಟಿಕ್ ಅಲ್ರಿ," ಎಂದ. "ಒಂದು ಕಚ್ಚಿಲ್ಲ, ಒಂದು ಗೀರಿಲ್ಲ. ಮದುಮಗನ ಗಲ್ಲ ಆಗೇತಿ."

"ಅಲ್ಲೇನ್ರಿ," ಎಂದಳು ಆಕೆ. ಮತ್ತೆ ಧೋತರ ಸುತ್ತಿದಳು. ಬಾಗಿಲ ತನಕ ಹೋಗಿ ತಿರುಗಿ ನಿಂತು, "ಹಂಗಾದ್ರ ಇದನ್ನ ಎಲ್ಲಿ ಇಡಬೇಕ್ರಿ?" ಎಂದು ಕೇಳಿದಳು.

"ಬಾಗಲಾ ಹಿಂದ ಇಡ್ರಿ. ನಾಯಿ ಓಡಸಾಕ ಬರ್ತೈತಿ."

ನಗಲಿ ಎಂದು ಹೇಳಿದ ಮಾತು ಅದು. ಆಕೆ ನಗಲಿಲ್ಲ. ಹೋದಳು.

ಇಳಿಹೊತ್ತಿಗೆ ಮಾಸ್ತರರು ಬಂದರು. ತಿರಕಪ್ಪ ನಡೆದದ್ದನ್ನೆಲ್ಲ ಹೇಳಿ ಕೇಳಿದ:

"ಮಾಸ್ತರ, ನಾ ಹೇಳಿದ್ದು ಸುಳ್ಳಲ್ರಿ. ಕಣ್ಣಿಗೆ ಕಂಡಿದ್ದನ್ನ ಹೇಳೇನಿ. ಆದರೂ ಆಕಿ ಮುಖ ನನ್ನ ಬೆನ್ನು ಬಿಡವಲ್ದು. ಖರೆ ಹೇಳಿದವಗೂ ಪಾಪ ಹತ್ತತೈತೇನ್ರಿ?"

ಮಾಸ್ತರರು ಕಾಲು ತೊಳೆದು ಬಂದು ಕಟ್ಟೆಯ ಮೇಲೆ ಕೂತರು.

"ಒಂದು ಕತಿ ಹೇಳ್ತೀನಿ," ಎಂದರು. "ನಿನಗ ನಡುವ ಎದ್ದು ಹೋಗೂ ಚಟ ಐತಿ. ಮುಗಿಯೂತನಕ ಕುಂದರು."

ತಿರಕಪ್ಪ ಕುಳಿತ. ಮಾಸ್ತರರು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಅವನ ಕಣ್ಣಿಗೆ ಮೋಸ ಮಾಡಿದವರಿಲ್ಲ. ಚಹಾದ ಅಂಗಡಿಯಲ್ಲಿ ಜನ ಅವನನ್ನು ಕಾಡುತ್ತಿದ್ದರು. "ಇಂವ ಹೆಣ್ಣು ನೋಡಾಕ ಹೋಗಿ, ಹುಡುಗಿ ಬಿಟ್ಟು ಆಕಿ ಕೈಯಾನ ಬಳಿ ಅಸಲೋ ನಕಲೋ ನೋಡಿ ಬಂದಾನ" ಎನ್ನುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಅದು ತನ್ನ ಕಣ್ಣಿಗೆ ಸಂದ ಮರ್ಯಾದೆ ಎಂದುಕೊಳ್ಳುತ್ತಿದ್ದ.

ಹಾಕಿ ಕೋಲು ಬಂದರೆ ಅವನು ಮೊದಲು ಚಪ್ಪಟೆ ಮುಖ ನೋಡುತ್ತಿದ್ದ. ಚೆಂಡು ಬಡಿದ ಕಚ್ಚುಗಳು ಅಲ್ಲಿರಬೇಕು. ಕಚ್ಚು ಬೆನ್ನಿನ ಕಡೆಗೇ ಇದ್ದರೆ ಆ ಕೋಲು ಆಟ ಆಡಿಲ್ಲ, ಹಾವು ಹೊಡೆದಿದೆ ಎನ್ನುತ್ತಿದ್ದ. ಆಮೇಲೆ ಬಾಗಿದ ತುದಿ. ಆಡಿದ ಕೋಲಾದರೆ ಅದನ್ನು ನೆಲ ತಿಂದಿರಬೇಕು, ಮರದ ನರಗಳೊಳಗೆ ಮೈದಾನದ ಮಣ್ಣು ಕೂತಿರಬೇಕು. ಕೆಂಪು ಗರಸೋ ಕರಿಯ ಎರೆಯೋ, ಮಣ್ಣೇ ಊರಿನ ಹೆಸರು ಹೇಳುತ್ತದೆ. ಕಡೆಗೆ ಹಿಡಿ. ಬೆವರು ಕುಡಿದು ಕಪ್ಪಾದ ಜಾಗ ನೋಡಿ, ಎಡಗೈ ಇಲ್ಲಿತ್ತು, ಬಲಗೈ ಇಲ್ಲಿತ್ತು, ಮನುಷ್ಯ ಇಷ್ಟು ಎತ್ತರ ಎಂದು ಹೇಳುತ್ತಿದ್ದ. ಹಳೆಯ ಫೋಟೋ ಸಿಕ್ಕರೆ ಪಕ್ಕಕ್ಕಿಟ್ಟು ತಾಳೆ ನೋಡುತ್ತಿದ್ದ. ಇದೆಲ್ಲ ಮುಗಿಯುವ ತನಕ ತಂದವರು ಹೊಸ್ತಿಲ ಹೊರಗೆ ಕೂತಿರಬೇಕು. ಒಂದು ಮಾತೂ ಆಡಕೂಡದು.

ಹತ್ತಿರದಲ್ಲಿ ಒಂದು ನೇಕಾರರ ಊರು. ಅಲ್ಲಿ ಹಗಲೆಲ್ಲ ಮಗ್ಗ, ಹೊತ್ತಿಳಿದರೆ ಹಾಕಿ. ಹಿಂದೊಮ್ಮೆ ಆ ಮಗ್ಗದ ಹುಡುಗರು ಬರಿಗಾಲಲ್ಲಿ ಆಡಿ, ಬೂಟು ಹಾಕಿದ ಪಟ್ಟಣದ ತಂಡವನ್ನು ಫೈನಲ್ಲಿನಲ್ಲಿ ಸೋಲಿಸಿದ್ದರು. ಗೆಲುವಿನ ಗೋಲು ಹೊಡೆದವನು ಒಬ್ಬ ನೇಕಾರ. ಊರಿಗೆ ಊರೇ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿತು. ಮಾರನೆಯ ದಿನ ಅವನು ಎಂದಿನಂತೆ ಮಗ್ಗದ ಕುಣಿಗೆ ಇಳಿದ. ಕೆಲವು ವರ್ಷ ಆಡಿದ. ಆಮೇಲೆ ಆಡಲಿಲ್ಲ. ಕೋಲನ್ನು ಮಗ್ಗದ ಮೇಲಿನ ತೊಲೆಗೆ ಸಿಕ್ಕಿಸಿದ. ತಲೆ ನರೆಯುವ ಮೊದಲೇ ತೀರಿಕೊಂಡ. ಮಕ್ಕಳಿರಲಿಲ್ಲ. ಅದೇ ಕುಣಿಗೆ ಹೆಂಡತಿ ಇಳಿದು ಸೀರೆ ನೇಯತೊಡಗಿದಳು.

ಬಹಳ ಕಾಲದ ಮೇಲೆ ಆ ಊರಿನ ಹಿರಿಯರು ಒಂದು ಕೋಣೆ ಕಟ್ಟಿಸಿದರು. ಆ ಫೈನಲ್ ಆಡಿದವರ ಕೋಲುಗಳನ್ನು ಗಾಜಿನೊಳಗೆ ಸಾಲಾಗಿ ನಿಲ್ಲಿಸಿ, ಕೆಳಗೆ ಅವರವರ ಹೆಸರು ಬರೆಸಬೇಕೆಂಬುದು ಅವರ ಆಸೆ. ಒಬ್ಬೊಬ್ಬರ ಮನೆಯಿಂದ ಒಂದೊಂದು ಕೋಲು ಬಂತು. ನೇಕಾರನ ಜಾಗಕ್ಕೆ ಮಾತ್ರ ಎರಡು ಬಂದವು. ಹಿರಿಯರಿಗೆ ದಾರಿ ತೋಚದೆ ಪರೀಕ್ಷಕನನ್ನು ಕರೆಸಿದರು.

ಒಂದು ಕೋಲನ್ನು ತಂದವನು ಒಬ್ಬ ವರ್ತಕ. ಆ ಕಾಲದಲ್ಲಿ ಮೈದಾನ ಕಾಯುತ್ತಿದ್ದವನ ಮನೆಯ ಮಾಳಿಗೆಯಲ್ಲಿ ಸಿಕ್ಕಿತು ಎಂದು ಅವನು ಹಿರಿಯರಿಗೆ ಹೇಳಿದ್ದ. ಗಾಜಿನ ಮೇಲೆ 'ಕೊಟ್ಟವರು' ಎಂದು ತನ್ನ ಹೆಸರು ಕಾಣಬೇಕೆಂಬ ಹಂಬಲ ಅವನದು. ಇನ್ನೊಂದನ್ನು ತಂದವಳು ನೇಕಾರನ ಹೆಂಡತಿ. ಆಕೆಗೆ ತನ್ನ ಹೆಸರಿನ ಹಂಬಲವಿರಲಿಲ್ಲ. ತಾನು ಹೋದ ಮೇಲೆ ಈ ಕೋಲನ್ನು ತೊಲೆಯಿಂದ ಇಳಿಸಿ ನೋಡುವವರು ಯಾರೂ ಇಲ್ಲ. ಗಾಜಿನೊಳಗಿದ್ದರೆ ಬಂದವರು ಹೋದವರು ನೋಡಿಯಾರು. ಆಕೆ ಬಯಸಿದ್ದು ಇಷ್ಟೇ.

ಪರೀಕ್ಷಕ ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದ. ವರ್ತಕನ ಕೋಲು ಒಂದು ಯುದ್ಧ ಮಾಡಿ ಬಂದಂತಿತ್ತು. ಮುಖದ ತುಂಬ ಕಚ್ಚು. ತುದಿಯ ನರಗಳಲ್ಲಿ ಕೆಂಪು ಗರಸು, ಅದು ಆ ಊರಿನ ಮೈದಾನದ ಮಣ್ಣೇ. ಹಿಡಿಗೆ ಸುತ್ತಿದ ಮಗ್ಗದ ನೂಲು ಬೆವರಿಗೆ ಕಪ್ಪಾಗಿ, ಅಲ್ಲಲ್ಲಿ ಹರಿದು ಜೋತಿತ್ತು. ಮರವೂ ಆ ಕಾಲದ್ದೇ.

ಹೆಂಡತಿಯ ಕೋಲಿನಲ್ಲಿ ಓದಲು ಏನೂ ಇರಲಿಲ್ಲ. ಮುಖ ಕನ್ನಡಿಯಂತೆ ನುಣುಪು. ತುದಿ ದುಂಡಗೆ, ಮಣ್ಣಿನ ಸೋಂಕಿಲ್ಲ. ಮೈಯೆಲ್ಲ ಎಣ್ಣೆಯ ಮಿರುಗು. ಹಿಡಿಗೆ ಸುತ್ತಿದ ನೂಲು ಬಿಳಿದು, ಹೊಸದು. ನೂಲು ಹೊಸದೆಂದು ಕಂಡದ್ದೇ ಪರೀಕ್ಷಕ ಅದನ್ನು ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ.

ಹೊರಗೆ ಕೂತವಳು ಒಮ್ಮೆ ಒಳಗೆ ಇಣುಕಿದಳು. "ಯಪ್ಪಾ, ಅದನ್ನ ನಾನು ವರ್ಸಾ..." ಎಂದು ಬಾಯಿ ತೆರೆದಳು.

"ಆಮ್ಯಾಲ ಯವ್ವಾ, ಆಮ್ಯಾಲ," ಎಂದ ಪರೀಕ್ಷಕ. ಆಮೇಲೆ ಅವನು ಕೇಳಲಿಲ್ಲ.

ನೋಡಿ ಮುಗಿದ ಮೇಲೆ ಹಿರಿಯರ ಎದುರಿಗೆ ಆಕೆಯನ್ನು ಕರೆದು ಹೇಳಿದ: "ಯವ್ವಾ, ಇದು ಆಡಿದ ಸ್ಟಿಕ್ ಅಲ್ಲ."

"ಅವರು ಹಿಡಿದಿದ್ದಪ್ಪಾ ಅದು."

"ಹಿಡಿದಿರಬಹುದು. ಆಡಿಲ್ಲ. ಆಡಿದ್ದು ಹೆಂಗಿರ್ತೈತಿ ಬಾ ಇಲ್ಲೆ, ನೋಡು."

ವರ್ತಕನ ಕೋಲನ್ನು ತೋರಿಸಿದ. ಆಕೆ ಬಗ್ಗಿ ನೋಡಿದಳು. ಕಚ್ಚನ್ನು ನೋಡಿದಳು, ಮಣ್ಣನ್ನು ನೋಡಿದಳು, ಹರಿದ ನೂಲನ್ನು ನೋಡಿದಳು. ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. ಸೆರಗಿನ ಚುಂಗಿನಿಂದ ಆ ಮಣ್ಣನ್ನು ಒರೆಸಲು ಹೋದಳು. ವರ್ತಕ ಗಾಬರಿಯಾಗಿ ಕೋಲನ್ನು ಹಿಂದಕ್ಕೆ ಎಳೆದುಕೊಂಡ.

"ಪಾಪ," ಎಂದಳು ಆಕೆ. "ಇಂವನ ಮನ್ಯಾಗ ಯಾರೂ ಇದ್ದಿಲ್ಲ ಕಾಣ್ತೈತಿ. ಒಬ್ಬರೂ ತೊಳದಿಲ್ಲ."

ಕೂಡಿದವರು ನಕ್ಕರು. ಪರೀಕ್ಷಕನೂ ನಕ್ಕ.

ವರ್ತಕನ ಕೋಲು ಗಾಜಿನೊಳಗೆ ಹೋಯಿತು. ಕೆಳಗೆ ನೇಕಾರನ ಹೆಸರು ಬರೆದರು. ಹೆಂಡತಿ ತನ್ನ ಕೋಲನ್ನು ಹಿಡಿದು ಮನೆಗೆ ಬಂದಳು.

ಅಷ್ಟಕ್ಕೇ ಮುಗಿದಿದ್ದರೆ ಆಕೆ ಹೇಗೋ ತಾಳಿಕೊಳ್ಳುತ್ತಿದ್ದಳು. ಆದರೆ ತೀರ್ಪು ಎಂಬುದು ಹೇಳಿದವನ ಬಾಯಲ್ಲಿ ನಿಲ್ಲುವುದಿಲ್ಲ. ನಲ್ಲಿಯ ಕಟ್ಟೆಯಲ್ಲಿ ಅದು ಕೊಡದಿಂದ ಕೊಡಕ್ಕೆ ತುಂಬಿತು.

"ಅಲ್ಲಬೇ, ಆಡಿದ ಸ್ಟಿಕ್ ಇನ್ನೊಬ್ಬರ ಮನ್ಯಾಗ ಸಿಕ್ತು ಅಂದ್ರ, ಮನ್ಯಾಗ ತಂದಿಟ್ಟಿದ್ದು ಯಾವುದು?"

"ಅಂಗಡ್ಯಾಗಿಂದ ಒಂದು ತಂದು ಹೇಣ್ತಿ ಕೈಯಾಗ ಕೊಟ್ಟಿದ್ದಾನು. ಹುಚ್ಚಿ, ನಂಬ್ಯಾಳ."

"ಸ್ಟಿಕ್ ಬ್ಯಾರೆ ಕಡೆ ಇದ್ರ ಮನಿಶ್ಯಾನೂ ಬ್ಯಾರೆ ಕಡೆ ಇದ್ದಾನು ತಗೋ. ಮ್ಯಾಚು ಮ್ಯಾಚು ಅಂತ ಹೋದವರೆಲ್ಲಾ ಮ್ಯಾಚಿಗೇ ಹೋಗ್ತಾರೇನು?"

ಹಾಗೆ ಅಂದವರಿಗೆ ಅದು ಹೊತ್ತು ಕಳೆಯುವ ಮಾತು. ಅವರೇ ಆಕೆಯ ಕೊಡ ಎತ್ತಿ ಸೊಂಟಕ್ಕೆ ಕೊಟ್ಟರು.

ಆಕೆ ಜಗಳಕ್ಕೆ ನಿಲ್ಲಲಿಲ್ಲ. ಮನೆಗೆ ಬಂದು ಮಗ್ಗಕ್ಕೆ ಇಳಿದಳು. ಲಾಳಿ ಆ ಕಡೆ ಹೋಗುವಾಗ ಸುಳ್ಳು ಎನ್ನುತ್ತಿತ್ತು, ಈ ಕಡೆ ಬರುವಾಗ ಇದ್ದರೂ ಇರಬಹುದು ಎನ್ನುತ್ತಿತ್ತು. ಗಂಡ ಯಾವಾಗ ಯಾವಾಗ ಊರಲ್ಲಿರಲಿಲ್ಲ ಎಂದು ನೆನೆಸಿದಳು. ಮಳೆ ಬಂತೆಂದು ಪರ ಊರಲ್ಲೇ ಉಳಿದೆ ಎಂದು ಒಂದು ಸಲ ಹೇಳಿದ್ದ. ಆ ದಿನ ಮಳೆ ಬಂದಿತ್ತೇ? ನೆನಪಾಗಲಿಲ್ಲ. ಇದ್ದಾಗ ಒಂದು ದಿನವೂ ಕೇಳದ ಪ್ರಶ್ನೆಗಳನ್ನು ಸತ್ತವನಿಗೆ ಕೇಳತೊಡಗಿದಳು. ಸತ್ತವನು ಏನು ಹೇಳಿಯಾನು? ತೊಲೆಗೆ ಸಿಕ್ಕಿಸಿದ ಕೋಲನ್ನು ತಲೆಯೆತ್ತಿ ನೋಡುವುದನ್ನು ಬಿಟ್ಟಳು.

ಮಹಾನವಮಿ ಬಂತು. ಗಾಜಿನ ಕೋಣೆಯ ಬಾಗಿಲು ತೆರೆಯುವುದನ್ನು ಹಿರಿಯರು ಅದೇ ದಿನಕ್ಕೆ ಇಟ್ಟುಕೊಂಡಿದ್ದರು. ಪರೀಕ್ಷಕನಿಗೂ ಕರೆ ಹೋಗಿತ್ತು. ಅವನು ಬೆಳಿಗ್ಗೆಯೇ ಬಂದ. ಹೊತ್ತು ಇನ್ನೂ ಇತ್ತು. ಮಗ್ಗದ ಒಬ್ಬ ಮುದುಕನ ಮನೆಯ ಜಗಲಿಗೆ ಹೋಗಿ ಕುಳಿತ.

ಅಂದು ಖಂಡೆಪೂಜೆ. ದುಡಿಯುವ ಹತ್ಯಾರುಗಳನ್ನು ದೇವರ ಮುಂದಿಟ್ಟು ಪೂಜಿಸುವ ದಿನ. ಮುದುಕ ಅಂಗಳದಲ್ಲಿ ಕೂತು ತನ್ನ ಲಾಳಿಯನ್ನು ಅಂಟುವಾಳದ ನೀರಿನಲ್ಲಿ ತೊಳೆಯುತ್ತಿದ್ದ. ತೊಳೆದು ಒರೆಸಿದ. ಗಾಜಿನ ಚೂರು ತೆಗೆದುಕೊಂಡು ಲಾಳಿಯ ಮೈಮೇಲಿನ ಗೀರುಗಳನ್ನೆಲ್ಲ ಕೆರೆದು ಕೆರೆದು ನುಣುಪು ಮಾಡಿದ. ಆಮೇಲೆ ಕುಸುಬಿಯ ಎಣ್ಣೆ ಉಜ್ಜಿದ. ನೋಡನೋಡುತ್ತ ಹಳೆಯ ಲಾಳಿ ಇಂದೇ ಬಡಿಗನ ಮನೆಯಿಂದ ಬಂದಂತಾಯಿತು.

ಪರೀಕ್ಷಕನಿಗೆ ತಡೆಯಲಾಗಲಿಲ್ಲ. "ಅಜ್ಜಾ, ಯಾಕ ಕೆರೀತಿ? ಅವು ನೀ ದುಡಿದ ಗುರುತು."

"ದುಡಿದಿದ್ದು ನನಗ ಗೊತ್ತೈತಲ್ಲ, ಇನ್ಯಾರಿಗೆ ತೋರಸೂದೈತಿ?" ಎಂದ ಮುದುಕ. "ಇವತ್ತು ಇದು ದೇವರು. ದೇವರ ಮೈಮ್ಯಾಲ ಗಾಯ ಬಿಡ್ತಾರೇನು?"

"ಊರಾಗ ಎಲ್ಲಾರೂ ಹಿಂಗ ಮಾಡ್ತೀರೇನು?"

"ಹತ್ಯಾರ ಇದ್ದವರೆಲ್ಲಾ ಮಾಡ್ತೀವಿ. ನೀ ಆ ಹಾಕಿಯವನ ಹೇಣ್ತೀನ ನೋಡಬೇಕಿತ್ತು. ಗಂಡ ಸತ್ತಾಗಿಂದ ವರ್ಸಾ ಆ ಸ್ಟಿಕ್ ಇಳಿಸಿ ತೊಳೀತಾಳ, ಕೆರೀತಾಳ, ಎಣ್ಣಿ ಹಚ್ಚತಾಳ, ಹೊಸಾ ನೂಲು ಸುತ್ತತಾಳ. ಕೂಸಿಗೆ ಎರದಂಗ, ತಮ್ಮಾ."

ಪರೀಕ್ಷಕ ಎದ್ದು ನಿಂತ. ಆಕೆ ಹೊಸ್ತಿಲಲ್ಲಿ ಕೂತು ಹೇಳಲು ಬಂದ ಮಾತು ಯಾವುದೆಂದು ಈಗ ತಿಳಿಯಿತು. ಆಕೆ ಪಾಪ ಎಂದದ್ದು ಯಾಕೆಂದೂ ತಿಳಿಯಿತು. ಆಡಿದ ಗುರುತನ್ನು ಆಕೆ ಒಂದೊಂದು ಹಬ್ಬಕ್ಕೆ ಒಂದೊಂದಾಗಿ ತನ್ನ ಕೈಯಾರೆ ಕಳೆದಿದ್ದಳು. ಅವನು ಆ ಕೈಯನ್ನು ನೋಡಿರಲಿಲ್ಲ.

ಇನ್ನೂ ಒಂದು ದಾರಿ ಇತ್ತು. ಹಳೆಯ ಕೋಲುಗಳಲ್ಲಿ ಹಿಡಿ ಬೆತ್ತದ್ದು, ತಲೆ ಹಿಪ್ಪುನೇರಳೆ ಮರದ್ದು. ಬೆತ್ತವನ್ನು ಮರದೊಳಗೆ ಸೇರಿಸಿದ ಕಡೆ ಒಂದು ಸಂದು ಇರುತ್ತದೆ. ನೂಲು ಅದರ ಮೇಲೆ ಸುತ್ತಿರುತ್ತದೆ. ತೊಳೆದ ನೀರು ಅಲ್ಲಿಗೆ ಇಳಿಯುವುದಿಲ್ಲ, ಗಾಜಿನ ಚೂರು ಅಲ್ಲಿಗೆ ಹೋಗುವುದಿಲ್ಲ. ನೂಲು ಬಿಚ್ಚಿದರೆ ಆ ಸಂದಿನಲ್ಲಿ ಚಿಟಿಕೆ ಕೆಂಪು ಗರಸು ಇದ್ದರೂ ಇರಬಹುದು. ಅಷ್ಟು ಸಿಕ್ಕರೆ ಸಾಕು. ಹಿರಿಯರ ಎದುರಿಗೇ ತನ್ನ ತೀರ್ಪನ್ನು ತಾನು ನುಂಗುತ್ತೇನೆ ಎಂದುಕೊಂಡ. ಓಡಿದ.

ಆಕೆಯ ಮನೆಯ ಬಾಗಿಲು ತೆರೆದಿತ್ತು. ದೇವರ ಮುಂದೆ ಲಾಳಿ, ಕತ್ತರಿ, ಹಣಿಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದಳು. ವಿಭೂತಿ ಹಚ್ಚಿ ಹೂವು ಏರಿಸಿದ್ದಳು. ಆಕೆ ಎರೆದುಕೊಂಡ ತಲೆಯನ್ನು ಒಣಗಿಸುತ್ತ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದಳು.

"ಯವ್ವಾ, ಆ ಸ್ಟಿಕ್ ಎಲ್ಲೈತಿ?"

ಆಕೆ ಹಂಡೆಯ ಒಲೆಯ ಕಡೆ ನೋಡಿದಳು.

"ಯಾರದೋ ಏನೋ. ದೇವರ ಸಾಲಿನ್ಯಾಗ ಇಡಾಕ ಮನಸ್ಸಾಗಲಿಲ್ಲ. ತಿಪ್ಪಿಗೆ ಒಗಿಯಾಕೂ ಕೈ ಬರಲಿಲ್ಲ," ಎಂದಳು. "ಹಬ್ಬದ ನೀರಿಗೆ ಹಾಕಿದೆ. ಇಷ್ಟು ದಿನಾ ಎಣ್ಣಿ ಕುಡದಿತ್ತಲ್ಲ, ಚಲೋ ಉರೀತು."

ಪರೀಕ್ಷಕ ಒಲೆಯ ಮುಂದೆ ಕುಕ್ಕರಿಸಿದ. ಕಟ್ಟಿಗೆಯಿಂದ ಬೂದಿ ಕೆದಕಿದ. ಬೂದಿಗೆ ಬೂದಿಯದೇ ಬಣ್ಣ. ಅದರಲ್ಲಿ ಯಾವ ಮೈದಾನದ ಮಣ್ಣನ್ನು ಹುಡುಕುವುದು? ತಲೆಯೆತ್ತದೆ ಹೇಳಿದ:

"ಯವ್ವಾ, ಅದು ಅವರದೇ ಇತ್ತು. ಅವರು ಆಡಿದ್ದೇ ಇತ್ತು."

ಆಕೆ ಹತ್ತಿರ ಬಂದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಆಸೆ ಇತ್ತು.

"ಪರೀಕ್ಷಾ ಮಾಡಿ ಹೇಳ್ತೀಯೋ," ಎಂದು ಕೇಳಿದಳು, "ಹಂಗ ಸುಮ್ಮನ ಹೇಳ್ತೀಯೋ?"

ಪರೀಕ್ಷಕ ಕಟ್ಟಿಗೆ ಕೆಳಗಿಟ್ಟ. ಇಡೀ ಆಯುಷ್ಯದಲ್ಲಿ ಅವನು ನೋಡದೆ ಹೌದು ಎಂದವನಲ್ಲ. ಅದು ಆಕೆಗೂ ಗೊತ್ತಿತ್ತು. ಇಂದು ನೋಡಲು ಏನೂ ಉಳಿದಿರಲಿಲ್ಲ. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಸ್ವಲ್ಪ ಹೊತ್ತು ಕಾದು ಆಕೆ ಕಣ್ಣು ಕೆಳಗೆ ಹಾಕಿದಳು. "ಹಬ್ಬದ ದಿನಾ ಬಂದೀಯಪ್ಪಾ, ಉಂಡು ಹೋಗು" ಎಂದಳು.

ಆಮೇಲೂ ಆಕೆ ಬಹಳ ವರ್ಷ ಬದುಕಿದಳು. ಯಾರಾದರೂ ಗಂಡನ ಹೆಸರು ಎತ್ತಿದರೆ ಸುಮ್ಮನಾಗುತ್ತಿದ್ದಳು. ಅವನ ಮೇಲಿನ ಸಂಶಯಕ್ಕೋ, ಅವನ ಕೋಲನ್ನು ಸುಟ್ಟೆನೆಂಬ ಸಂಕಟಕ್ಕೋ, ಆಕೆಗೇ ತಿಳಿಯುತ್ತಿರಲಿಲ್ಲ. ಎರಡರಲ್ಲಿ ಒಂದೇ ನಿಜವಿರಬೇಕು. ಯಾವುದೆಂದು ಹೇಳಬಲ್ಲ ವಸ್ತು ಹಂಡೆಯ ನೀರು ಕಾಯಿಸಿ ಆಗಿಹೋಗಿತ್ತು.

ಮಾಸ್ತರರು ಕತೆ ನಿಲ್ಲಿಸಿದರು. ಮೈದಾನದ ಕಡೆಯಿಂದ ಹುಡುಗರ ಕೂಗು ಕೇಳುತ್ತಿತ್ತು.

"ಆ ಗಾಜಿನ ಕೋಣ್ಯಾಗಿಂದು ಯಾರ ಸ್ಟಿಕ್ ರೀ?" ಎಂದು ತಿರಕಪ್ಪ ಕೇಳಿದ.

"ಯಾರದೋ. ಆಡಿದ್ದು ಖರೆ. ಯಾರೂ ತೊಳಿಯದ ಯಾವನೋ ಒಬ್ಬಂದು."

ತಿರಕಪ್ಪ ಹಟ ಬಿಡದೆ ಕೇಳಿದ: "ಹಂಗಾದ್ರ ಆ ಪರೀಕ್ಷಕ ಮೊದಲ ದಿನಾನ ಹೌದು ಅನ್ನಬೇಕಿತ್ತೇನ್ರಿ? ಗುರುತು ಇಲ್ಲದ್ದನ್ನ ಐತಿ ಅಂತ ಹೆಂಗ ಅನ್ನೂದು? ನೀವೇ ಕಲಿಸೀರಲ್ಲ, ವಸ್ತು ಹೇಳಿದಷ್ಟು ಹೇಳು ಅಂತ."

"ಹೌದು ಅನ್ನಬೇಕಿದ್ದಿಲ್ಲ," ಎಂದರು ಮಾಸ್ತರರು. ಶಿಷ್ಯನ ಮುಖ ನೋಡಿದರು.

"ಆಡಿದವರು ಯಾರು ಅಂತ ಮುಂಜಾನೆ ನೀನೂ ನೋಡಿದಿ, ತಿರಕಪ್ಪಾ, ತೊಳದವರು ಯಾರು ಅಂತ ಕೇಳಿದೇನು?"

ತಿರಕಪ್ಪ ಎದ್ದ.

ಒಳಗೆ ಹೋಗಿ ಗೂಟದ ಮೇಲಿನ ಚೀಲ ಇಳಿಸಿದ. ಒಂದು ಅಂಗಿ, ಒಂದು ಟವೆಲ್ಲು, ಭೂತಗನ್ನಡಿ ಹಾಕಿಕೊಂಡ. ಆಕೆಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಊರು ಗೊತ್ತಿರಲಿಲ್ಲ. ಆಕೆ ಆಟಗಾರನಿಗೆ ಹೆಂಡತಿಯೋ ಮಗಳೋ ತಂಗಿಯೋ, ಅದೂ ಗೊತ್ತಿರಲಿಲ್ಲ. ಬಿಳಿಯ ಧೋತರದ ಗಂಟು ಹಿಡಿದವಳೊಬ್ಬಳು ಮುಂಜಾನೆಯ ಯಾವ ಬಸ್ಸು ಹತ್ತಿದಳು ಎಂದು ಸ್ಟ್ಯಾಂಡಿನಲ್ಲಿ ಕೇಳಬೇಕು, ಬಸ್ಸು ನಿಲ್ಲುವ ಊರುಗಳಲ್ಲೆಲ್ಲ ಇಳಿದು ಕೇಳಬೇಕು. ಅಷ್ಟರಲ್ಲಿ ಎಷ್ಟು ಒಲೆಗಳು ಹೊತ್ತಿರುತ್ತವೋ. ಅವನು ಚೀಲದ ಬಾಯಿ ಎಳೆದು ಕಟ್ಟಿದ.